ನಿಂಬೆಗಿಡದ ಹಿಂದಿನ ಗ್ರಾಮಫೋನು

‘ಈ ಶನಿವಾರ ನನ್ನ ಹಾಡು ಕೇಳಿ ಲೆನೋರಾ ಕಣ್ಣೊರೆಸಿಕೊಳ್ಳದಿದ್ದರೆ ನನ್ನ ಹೆಸರು ಎಲ್ಮರ್ ಪ್ರೂಯಿಟ್ ಅಲ್ಲ!’ ಎಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದೆ. ಮುಖದ ತುಂಬ ಕ್ಷೌರದ ನೊರೆಯಿದ್ದುದರಿಂದ ಶಪಥಕ್ಕೆ ಬರಬೇಕಾದ ಗಾಂಭೀರ್ಯ ಬರಲಿಲ್ಲ, ಅಷ್ಟೆ.

ಶಪಥಕ್ಕೆ ಕಾರಣವಿತ್ತು. ಮದುವೆಗೆ ಮುಂಚೆ ಲೆನೋರಾ ನ್ಯೂಯಾರ್ಕಿನ ರಂಗಮಂದಿರಗಳಲ್ಲಿ ಮೇಳದಲ್ಲಿ ಹಾಡುತ್ತಿದ್ದಳು. ‘ನಿನ್ನ ಕಿಟಕಿಯ ಕೆಳಗೆ ನಿಂತು ಒಂದು ದಿನ ಹಾಡ್ತೀನಿ’ ಎಂದು ಆಗ ಮಾತು ಕೊಟ್ಟಿದ್ದೆ. ಆಮೇಲೆ ಹಾಲಿವುಡ್ಡಿಗೆ ಬಂದೆವು, ಮನೆ ಮಾಡಿದೆವು, ಆ ಒಂದು ದಿನ ಮಾತ್ರ ಬರಲೇ ಇಲ್ಲ.

‘ಶನಿವಾರ ನಮ್ಮ ಮದುವೆಯ ದಿನ’ ಎಂದಳು ಲೆನೋರಾ. ‘ಹಾಡಿದೆಯೋ, ಊಟ. ಇಲ್ಲವೋ, ನಾನು ಪ್ಯಾಸಡೀನಾದಲ್ಲಿರೋ ಅಕ್ಕನ ಮನೆಗೆ ಹೋಗ್ತೀನಿ. ಕೋಳಿ ರೋಸ್ಟು ನನ್ನ ಜೊತೇಲೇ ಬರುತ್ತೆ!’

ನನ್ನ ಗಂಟಲಿನ ವಿಷಯ ಇಷ್ಟೇ: ನಾನು ಗುನುಗಿದರೆ ಪಕ್ಕದ ಮನೆಯ ಮಿಸೆಸ್ ಗ್ರೊಬೆಲ್ ಅವರ ನಾಯಿ ಸಾರ್ಜೆಂಟ್ ಊಳಿಡುತ್ತದೆ. ಆದರೆ ನನ್ನ ಕಿವಿ? ಆಹಾ! ಸ್ಟುಡಿಯೋದಲ್ಲಿ ಹಾಡಿನ ತಟ್ಟೆ ಹಾಕುವವನು ನಾನೇ. ಹಾಡನ್ನು ಮುಂಚೆಯೇ ಬೇರೆ ಕೋಣೆಯಲ್ಲಿ ಮುದ್ರಿಸಿಟ್ಟಿರುತ್ತಾರೆ. ಚಿತ್ರೀಕರಣದ ಹೊತ್ತಿಗೆ ನಾನು ತಟ್ಟೆ ತಿರುಗಿಸುತ್ತೇನೆ, ನಾಯಕ ನಾಯಕಿಯರು ತುಟಿ ಆಡಿಸುತ್ತಾರೆ. ನಾಟಕದಲ್ಲಿ ಗಂಟಲಿದ್ದವರು ಹಾಡಬೇಕು. ಸಿನಿಮಾದಲ್ಲಿ ತುಟಿಯಿದ್ದರೆ ಸಾಕು! ‘ಏನೇ ಆಗಲಿ, ನಿರ್ದೇಶಕರು ಸಾಕು ಅನ್ನೋವರೆಗೆ ತುಟಿ ನಿಲ್ಲಿಸಬೇಡಿ’ ಎಂದು ಎಷ್ಟು ನಟರಿಗೆ ಪಾಠ ಹೇಳಿದ್ದೇನೋ ನಾನು!

ಆಗ ತೆಗೆಯುತ್ತಿದ್ದುದು ರಂಗದ ಮೇಲೆ ಭಾರಿ ಹೆಸರು ಮಾಡಿದ್ದ ಒಂದು ಪ್ರೇಮಕಥೆ. ಹಡಗಿನ ಕಪ್ತಾನ, ದೀಪಸ್ತಂಭದ ಕಾವಲುಗಾರನ ಮಗಳು, ನಡುವೆ ಸಮುದ್ರ ಮತ್ತು ಹಾಡುಗಳು. ನಾಯಕಿ ಮಿಸ್ ಆಡ್ರಿಯಾನಾ ಫೇನ್. ಎಂಥ ಕಂಠ ಆಕೆಯದು! ಮುಂಜಾವಿನ ಮಂಜು ನೀರಿನ ಮೇಲಿಂದ ಎದ್ದು ಹೋದ ಹಾಗೆ. ಸಂಜೆ ಮನೆಗೆ ಬಂದರೆ ಲೆನೋರಾ ಪಾತ್ರೆ ತೊಳೆಯುತ್ತ ಅದೇ ಹಾಡು ಗುನುಗುತ್ತಿರುತ್ತಿದ್ದಳು. ನಾನು ಅದೇ ಗುಂಗಿನಲ್ಲಿ ಸೀಟಿ ಹಾಕುವುದನ್ನು ಕೇಳಿ ಕಲಿತಿರಬೇಕು ಎಂದುಕೊಂಡಿದ್ದೆ.

‘ಅಲ್ಲಿ ಉಸಿರು ತಗೋಬಾರದು ಕಣೇ’ ಎಂದು ತಿದ್ದಿದ್ದೆ. ‘ಮಿಸ್ ಫೇನ್ ಹೇಗೆ ಎಳೀತಾರೆ ಗೊತ್ತಾ? ನಿನ್ನದು ಪರವಾಗಿಲ್ಲ. ಆದ್ರೆ ಅದು ಬೇರೇನೇ ಬಿಡು.’

‘ಹೌದೌದು, ನಿನ್ನ ಕಿವಿ ತಪ್ಪುತ್ತಾ?’ ಎಂದು ಅವಳು ಬಾಣಲೆಯನ್ನು ಅಗತ್ಯಕ್ಕಿಂತ ಜೋರಾಗಿ ಉಜ್ಜಿದ್ದಳು.

ಸರಿ, ಉಪಾಯ ಹೊಳೆಯಿತು. ಕಪ್ತಾನನ ತಟ್ಟೆ ಮನೆಗೆ ತರುವುದು, ಗ್ರಾಮಫೋನನ್ನು ನಿಂಬೆಗಿಡದ ಹಿಂದೆ ಬಚ್ಚಿಡುವುದು, ನಾನು ತುಟಿ ಆಡಿಸುವುದು! ಒಬ್ಬೊಬ್ಬರ ಮುಖವನ್ನೇ ಹತ್ತಿರದಿಂದ ತೆಗೆಯುವ ದೃಶ್ಯಗಳಿಗೆಂದು ಅವನ ಸಾಲು ಒಂದು ತಟ್ಟೆಯಲ್ಲಿ, ಅವಳ ಸಾಲು ಇನ್ನೊಂದರಲ್ಲಿ ಇರುತ್ತವೆ. ಗುರುತಿಗೆ ಚೀಟಿಯ ಮೇಲೆ ಒಂದೇ ಒಂದು ಅಕ್ಷರ. ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ಕಚ್ಚಿಕೊಂಡೇ ತಟ್ಟೆಯನ್ನು ಕೋಟಿನೊಳಗೆ ತೂರಿಸಿದೆ. ಆ ಅಕ್ಷರದ ಮೇಲೆ ಸಾಸಿವೆ ಗೊಜ್ಜು ಬಿದ್ದು ಅದರ ರೂಪವೇ ಬದಲಾಗಿದ್ದನ್ನು ನಾನು ನೋಡಲಿಲ್ಲ.

ಶನಿವಾರ ಸಂಜೆ. ಬಿಳಿ ಪ್ಯಾಂಟು, ಎದೆಗೊಂದು ಕಾರ್ನೇಶನ್ ಹೂವು. ಲೆನೋರಾ ಮಹಡಿಯ ಕಿಟಕಿ ತೆರೆದಳು. ಬೇಲಿಯಾಚೆ ಮಿಸೆಸ್ ಗ್ರೊಬೆಲ್ ಹಾಗೂ ಸಾರ್ಜೆಂಟ್ ಹಾಜರು. ಸೂಜಿ ಇಟ್ಟು ಓಡಿ ಬಂದು ಕೈ ಚಾಚಿ ನಿಂತೆ.

ಟಿಕ್. ಟಿಕ್. ಟಿಕ್.

ತುಟಿಯವರಿಗೆ ತಾಳ ಸಿಗಲೆಂದು ಹಾಡಿಗೆ ಮುಂಚೆ ಹಾಕುವ ಸದ್ದು. ಮರೆತೇ ಬಿಟ್ಟಿದ್ದೆ!

‘ಬಿಕ್ಕಳಿಕೇನೋ?’ ಎಂದಳು ಲೆನೋರಾ.

ನಾನು ಬಾಯಿ ತೆರೆದೆ. ಈ ದಪ್ಪ ಮೀಸೆಯ ಕೆಳಗಿನಿಂದ ಮಿಸ್ ಫೇನ್ ಅವರ ಕೋಗಿಲೆ ಕಂಠ ಹೊರಬಂತು! ‘ಬಾ ನನ್ನ ಕಪ್ತಾನನೇ, ಬೆಳಕು ಹಚ್ಚಿಟ್ಟಿರುವೆ...’

ಯಾವ ಮನುಷ್ಯನಾದರೂ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದ. ಆದರೆ ನನ್ನ ಪಾಠ ನನ್ನ ರಕ್ತದಲ್ಲೇ ಸೇರಿಹೋಗಿತ್ತಲ್ಲ! ಸಾಕು ಅನ್ನುವವರು ಯಾರೂ ಇರಲಿಲ್ಲ. ತುಟಿ ಆಡಿಸುತ್ತಲೇ ಹೋದೆ. ನಾಚಿದೆ, ಕಣ್ಣು ಮಿಟುಕಿಸಿದೆ, ಇಲ್ಲದ ಲಂಗವನ್ನೂ ಎತ್ತಿ ಹಿಡಿದೆ.

‘ಅಯ್ಯೋ ದೇವರೇ! ಮಿಸ್ಟರ್ ಪ್ರೂಯಿಟ್‌ಗೆ ಏನಾಯ್ತೇ ಲೆನೋರಾ?’ ಎಂದು ಮಿಸೆಸ್ ಗ್ರೊಬೆಲ್ ಬೇಲಿ ಹಿಡಿದು ನಕ್ಕರು.

ಅಷ್ಟರಲ್ಲಿ ಸೂಜಿ ಸಿಕ್ಕಿಕೊಂಡಿತು. ‘ಬೆಳಕು... ಬೆಳಕು... ಬೆಳಕು...’ ನಾನೂ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ದಡಕ್ಕೆ ಬಿದ್ದ ಮೀನಾದೆ. ಗಿಡದ ಹಿಂದೆ ಧುಮುಕಿ ಸೂಜಿಯನ್ನೇ ಎತ್ತಿಬಿಟ್ಟೆ.

ಹಾಡು ನಿಲ್ಲಲಿಲ್ಲ.

ಸೂಜಿ ನನ್ನ ಕೈಯಲ್ಲಿತ್ತು. ತಟ್ಟೆ ಸುಮ್ಮನೆ ಸುತ್ತುತ್ತಿತ್ತು. ಬಿಟ್ಟ ಜಾಗದಿಂದಲೇ ಹಾಡು ಮುಂದಕ್ಕೆ ಹೋಗುತ್ತಿತ್ತು: ಅದೇ ಕಂಠ, ಅದೇ ಮಂಜು, ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಳ್ಳದೆ. ನಿಂಬೆಯ ಎಲೆಗಳ ನಡುವಿನಿಂದ ತಲೆಯೆತ್ತಿದೆ. ಕಿಟಕಿಯಲ್ಲಿ ನನ್ನ ಹೆಂಡತಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಸಾರ್ಜೆಂಟ್ ಕೂಡ ಕಿವಿ ನಿಮಿರಿಸಿ ಸುಮ್ಮನೆ ಕೂತಿತ್ತು.

ಹಾಡು ಮುಗಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಶಪಥದಲ್ಲಿ ಅಳಬೇಕಾಗಿದ್ದವಳು ಅವಳು!

ಓಡುತ್ತ ಮಹಡಿ ಹತ್ತಿದೆ. ‘ನೀನಾ? ಮಿಸ್ ಫೇನ್ ಕಂಠ... ನೀನಾ?’

‘ಮೆಲ್ಲಗೆ ಮಾತಾಡು ಮಾರಾಯ! ಆಕೆಗೆ ಮುಖ ಇದೆ, ಸ್ವರ ಇಲ್ಲ. ಯಾರಿಗೂ ಹೇಳಲ್ಲ ಅಂತ ಸ್ಟುಡಿಯೋದವರಿಗೆ ಮಾತು ಕೊಟ್ಟಿದ್ದೆ. ಗಂಡನಿಗೂ.’

‘ಹಾಗಾದ್ರೆ ಪ್ರತಿ ಮಂಗಳವಾರ ಚರ್ಚಿನ ಭಜನೆಗೆ ಅಂತ ಹೋಗ್ತಿದ್ದದ್ದು?’

‘ಈ ಹಾಡಿನ ಮುದ್ರಣಕ್ಕೆ. ಒಂದೇ ಚಾವಣಿ ಕೆಳಗಿದ್ದೀವಿ, ನನ್ನ ಬಾಯಿಂದ ಕೇಳಿದ್ರೆ ಪರವಾಗಿಲ್ಲ, ತಟ್ಟೆಯಿಂದ ಕೇಳಿದ್ರೆ ಆಹಾ! ಒಂದು ಸಲನಾದ್ರೂ ಗುರುತು ಹಿಡೀತೀಯೇನೋ ಅಂತ ಕಾದೆ ಎಲ್ಮರ್.’ ಅವಳು ನಗುತ್ತಿದ್ದಳು, ಆದರೆ ಕೊನೆಯ ಮಾತಿನಲ್ಲಿ ನಗುವಿರಲಿಲ್ಲ.

ಜೋಲುಮೋರೆ ಹೊತ್ತು ಮತ್ತೆ ಕಿಟಕಿಯ ಕೆಳಗೆ ಹೋದೆ. ಮಾತು ಮಾತೇ! ತಟ್ಟೆಯಿಲ್ಲದೆ, ಟಿಕ್ ಟಿಕ್ ಇಲ್ಲದೆ, ಸ್ವಂತ ಗಂಟಲಿನಿಂದ ಕಪ್ತಾನನ ಸಾಲು ಎತ್ತಿಕೊಂಡೆ. ಸಾರ್ಜೆಂಟ್ ಆಕಾಶಕ್ಕೆ ಮೂತಿಯೆತ್ತಿ ಶ್ರುತಿ ಹಿಡಿಯಿತು. ಮಿಸೆಸ್ ಗ್ರೊಬೆಲ್ ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಆದರೂ ನಿಲ್ಲಿಸಲಿಲ್ಲ.

ಲೆನೋರಾ ಹೊಟ್ಟೆ ಹಿಡಿದು ನಕ್ಕಳು, ನಕ್ಕೂ ನಕ್ಕೂ ಕೊನೆಗೆ ಕಣ್ಣೊರೆಸಿಕೊಂಡಳು. ಅಂದರೆ ನನ್ನ ಹೆಸರು ಈಗಲೂ ಎಲ್ಮರ್ ಪ್ರೂಯಿಟ್ಟೇ!

‘ಸಾಕು, ಸಾಕು!’ ಎಂದು ಕೂಗಿದಳು. ‘ಕೋಳಿ ಆರಿಹೋಗ್ತಿದೆ, ಮೇಲೆ ಬಾ. ಇನ್ಮೇಲೆ ನಮ್ಮ ಮನೇಲೂ ನಿನ್ನ ಸ್ಟುಡಿಯೋ ಪದ್ಧತೀನೇ ಕಣೋ. ಹಾಡೋದು ನಾನು ನೋಡ್ಕೋತೀನಿ. ನೀನು ಸುಮ್ಮನೆ ತುಟಿ ಆಡಿಸು!’