ಖಸಬ್‌ನ ಪುಟ್ಟ ಬಟ್ಟಲು

ತೊಂದರೆಗೆಲ್ಲ ಮೂಲ ಉಮಾವತಿಯ ಟೊಪ್ಪಿ. ಮಸ್ಕತ್‌ನಲ್ಲಿರುವ ಮಗಳು ಅಕ್ಷಿತಾ ಅಪ್ಪ ಅಮ್ಮನನ್ನು ಹಡಗಿನ ಪ್ರವಾಸಕ್ಕೆ ಕಳಿಸಿದ್ದಳು. ಹಡಗು ಒಮಾನಿನ ಬಂದರು ಖಸಬ್‌ನಲ್ಲಿ ಒಂದು ಹಗಲು ನಿಂತಿತು. ಡಾಲ್ಫಿನ್ ತೋರಿಸುವ ಮರದ ದೋಣಿಯಲ್ಲಿ ಹೋಗಿ ಕೂತ ಮೇಲೆ ನೋಡಿದರೆ, ಟೊಪ್ಪಿ ಹಡಗಿನಲ್ಲೇ ಉಳಿದಿದೆ. ಪುಣ್ಯಕ್ಕೆ ದೋಣಿಯವನು ಇನ್ನೂ ಬಂದಿರಲಿಲ್ಲ.

"ಬೇಗ ಒಂದು ಟೊಪ್ಪಿ ತನ್ನಿ. ದಾರಿಯಲ್ಲಿ ಬಾಯಿ ಬಿಟ್ಕೊಂಡು ನಿಲ್ಬೇಡಿ. ಡಾಲ್ಫಿನ್ ತಪ್ಪಿದ್ರೆ ಊರು ಮುಟ್ಟುವವರೆಗೆ ನಿಮ್ಮತ್ರ ಮಾತಾಡುದಿಲ್ಲ," ಎಂದಳು ಉಮಾವತಿ. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಆಸೆ ಈ ಡಾಲ್ಫಿನ್ ಒಂದೇ. ಪಾಪ, ಗಂಡ ಸಂಕಪ್ಪನಿಗೂ ಅದು ಗೊತ್ತು.

ಆದರೆ ಈ ಸಂಕಪ್ಪ ನಡೆಯುತ್ತಲೇ ಕನಸು ಕಾಣುವ ಆಸಾಮಿ. ಉಪ್ಪಿನಂಗಡಿಯಿಂದ ಬಂದ ಮೊಯ್ದೀನ್ ಬಂದರಿನ ಬಳಿ ಇಟ್ಟಿದ್ದ ಅಂಗಡಿಯಲ್ಲಿ ಟೊಪ್ಪಿಯೇನೋ ಸಿಕ್ಕಿತು. ಎದುರಿಗೆ ಒಂದು ನೀಲಿ ಬಾಗಿಲು, ಅದರ ಹಿಂದೆ ಬೋಳು ಬೆಟ್ಟ, ಬೆಟ್ಟದ ಮೇಲೆ ಬಿಸಿಲಿಗೆ ತೂಕಡಿಸುತ್ತಿದ್ದ ಒಂದು ಮೇಕೆ. ಮಹಾಶಯ ನಿಂತೇಬಿಟ್ಟ. ಬಾಗಿಲು ತೆರೆಯಿತು. ಬಿಳಿ ನಿಲುವಂಗಿಯ ಯಜಮಾನ ತಮೀಮ್ ನಕ್ಕು, ಕೈಹಿಡಿದು ಒಳಗೆ ಕರೆದ.

"ಹೋಗಿ ಮಾರ್ರೆ, ಬೇಡ ಅಂದ್ರೆ ಬೇಜಾರು ಮಾಡ್ತಾರೆ. ಒಂದು ಕಾಫಿ, ಅಷ್ಟೇ!" ಎಂದು ಮೊಯ್ದೀನ್ ಅಂಗಡಿಯಿಂದಲೇ ಕೂಗಿದ.

ಒಳಗೆ ತಂಪು, ಏಲಕ್ಕಿಯ ಘಮ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಬಂತು. ಸಂಕಪ್ಪ ಕುಡಿದ. ತಮೀಮ್ ಮತ್ತೆ ತುಂಬಿಸಿದ. ಇನ್ನೊಬ್ಬರ ಮನೆಯಲ್ಲಿ ಕೊಟ್ಟದ್ದನ್ನು ಬಿಡಬಾರದೆಂದು ಅಮ್ಮ ಕಲಿಸಿದ್ದಳಲ್ಲ, ಅದನ್ನೂ ಕುಡಿದ. ಮತ್ತೆ ತುಂಬಿತು. ಇವನು ಖಾಲಿ ಮಾಡುವುದು, ಅವನು ಸುರಿಯುವುದು. ತಮೀಮ್ ಆಗಾಗ ಕಿಟಕಿಯಾಚೆ ಕಡಲನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ. ಎಂಥಾ ರಸಿಕನಪ್ಪಾ ಎಂದುಕೊಂಡು ಸಂಕಪ್ಪನೂ ನೋಡಿದ. ಬೆಟ್ಟಗಳ ನಡುವೆ ಹಸಿರು ನೀರು ಮಲಗಿತ್ತು. ಕಣ್ಣು ತಾನಾಗಿ ಮುಚ್ಚಿ, ಬಟ್ಟಲಿನೊಳಗೇ ಡಾಲ್ಫಿನ್‌ಗಳು ಮೆಲ್ಲನೆ ಹೊರಳಿದವು, ಪಕ್ಕದಲ್ಲಿ ಹೊಸ ಟೊಪ್ಪಿಯ ಉಮಾವತಿ ನಗುತ್ತಿದ್ದಳು.

"ಇನ್ನೂ ಇದ್ದೀರಾ?" ಮೊಯ್ದೀನ್ ಬಾಗಿಲಲ್ಲಿ ನಿಂತಿದ್ದ. "ಬಟ್ಟಲು ಅಲ್ಲಾಡಿಸ್ಲಿಲ್ವಾ?"

"ಎಂತಕ್ಕೆ?"

"ಅಯ್ಯೋ ಕರ್ಮ! ಅಲ್ಲಾಡಿಸಿ ಕೊಟ್ರೆ ಸಾಕು ಅಂತ. ಇಲ್ಲದಿದ್ರೆ ಅವರು ಸುರೀತಾನೇ ಇರ್ಬೇಕು. ನೀವು ಮುಗಿಸದೆ ಪಾಪ ಅವರು ಏಳುವ ಹಾಗಿಲ್ಲ!"

ಸಂಕಪ್ಪ ಬಟ್ಟಲನ್ನು ಗಿಲಕಿಯಂತೆ ಅಲ್ಲಾಡಿಸಿ, ಟೊಪ್ಪಿ ಎತ್ತಿಕೊಂಡು ಬಂದರಿಗೆ ಓಡಿದ. ದೇವರು ದೊಡ್ಡವನು, ದೋಣಿ ಅಲ್ಲೇ ಇತ್ತು!

"ನೋಡು, ಸಮಯಕ್ಕೆ ಬಂದೆ!"

"ಬರದೆ ಎಂತ? ದೋಣಿ ಹೊರಟ್ರಲ್ವಾ ತಪ್ಪುದು!" ಉಮಾವತಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. "ದೋಣಿಯವ ಮನೆಗೆ ಹೋದವ ಬರ್ಲೇ ಇಲ್ಲ. ಯಾರೋ ಬಂದು ಕೂತಿದ್ದಾರಂತೆ, ಏಳುದೇ ಇಲ್ಲವಂತೆ. ಎಂಥೆಂಥಾ ಜನ ಇರ್ತಾರೆ!"

"ಹೌದೌದು, ನಾಚಿಕೆ ಇಲ್ಲದವರು," ಎಂದ ಸಂಕಪ್ಪ ಧಾರಾಳವಾಗಿ.

ಆಗ ದೋಣಿಯವನು ಏದುಸಿರು ಬಿಡುತ್ತಾ ಬಂದ. ತಮೀಮ್! ಕಡಲು ನೋಡಿ ತಲೆಯಾಡಿಸಿ, "ಗಾಳಿ ಎದ್ದಿದೆ. ಇವತ್ತಿಗೆ ದೋಣಿ ಖಲಾಸ್," ಎಂದು ಹಿಂದಿಯಲ್ಲಿ ಹೇಳಿದ. ಸಂಕಪ್ಪನನ್ನು ಕಂಡದ್ದೇ ತಬ್ಬಿಕೊಂಡ. "ನನ್ನ ಅತಿಥಿ! ಯಲ್ಲಾ, ನಡೆಯಿರಿ, ಎಲ್ಲರೂ ಮನೆಗೆ ಬನ್ನಿ, ಕಾಫಿ ಕುಡಿಯೋಣ!"

ಉಮಾವತಿ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಮಾತಾಡಲಿಲ್ಲ.

ಮತ್ತೆ ಅದೇ ಕೋಣೆ, ಅದೇ ಘಮ. ಉಮಾವತಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಡಗಿನ ಭೋಂಕಾರ ಕೇಳಿತು. ಉಳಿದವರೆಲ್ಲ ಗಡಿಬಿಡಿಯಿಂದ ಎದ್ದರು.

"ಹಡಗು ಹೊರಡ್ತದೆ ಮಾರಾಯ್ತಿ! ಬಟ್ಟಲು ಅಲ್ಲಾಡಿಸು, ಬಿಡ್ತಾರೆ!" ಸಂಕಪ್ಪ ಅಂಗಲಾಚಿದ.

ಉಮಾವತಿ ಕಿಟಕಿಯಾಚೆ ಕಡಲನ್ನು ನೋಡುತ್ತಾ, ಖಾಲಿ ಬಟ್ಟಲನ್ನು ತಮೀಮನ ಮುಂದೆ ಚಾಚಿದಳು. ಅವಳ ಕೈ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.