ಸೇವಂತಿ ಬರುವ ಸೀನು

ಸಿಹಿ ಕಂಡರೆ ಕೈ ತಡೆಯದವರಿದ್ದಾರೆ, ನೆರೆಮನೆಯ ಸುದ್ದಿ ಎಂದರೆ ಕಿವಿ ತಡೆಯದವರಿದ್ದಾರೆ. ನನಗೆ ಸಿನಿಮಾ ನೋಡಿ ಹೊರಗೆ ಬಂದರೆ ಬಾಯಿ ತಡೆಯುವುದಿಲ್ಲ. ಟಾಕೀಸಿನ ಮೆಟ್ಟಿಲು ಇಳಿಯುವುದರೊಳಗೆ ನನ್ನ ಅಭಿಪ್ರಾಯ ಸಿದ್ಧವಾಗಿರುತ್ತದೆ. ಸ್ಕೂಟರ್ ಹೊರಗೆ ತೆಗೆಯುವಷ್ಟರಲ್ಲಿ ಅದನ್ನು ನಮ್ಮ ಮನೆಯವರಿಗೆ ಒಪ್ಪಿಸಿ ಮುಗಿಸಿರುತ್ತೇನೆ. ಅವರು ಕದ್ರಾದ ವಿದ್ಯುತ್ ಸ್ಥಾವರದಲ್ಲಿ ಕೆಲಸದಲ್ಲಿರುವವರು. ಹಗಲೆಲ್ಲ ಯಂತ್ರದ ಗುಂಯ್ ಸದ್ದು ಕೇಳಿ ರೂಢಿಯಾಗಿ, ಟಾಕೀಸಿನ ಸದ್ದಿನಲ್ಲಿ ಅವರಿಗೆ ಸೊಗಸಾದ ನಿದ್ದೆ ಬರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಅವರಿಂದ ವಿರೋಧವಿಲ್ಲ. ಸೋಮವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹಂಚುತ್ತೇನೆ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ, ಕೈಯಲ್ಲಿ ಕೆಂಪು ಪೆನ್ನಿಲ್ಲದಿದ್ದರೂ ತಪ್ಪು ಹುಡುಕುವುದು ನನಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ.

ಮೊದಲು ನಾನು ಹೀಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ರಾಮನಗುಳಿ ಕಡೆ. ಅಲ್ಲಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋಗಿ ಸಿನಿಮಾ ನೋಡುವುದೆಂದರೆ ಅಪ್ಪನ ಒಪ್ಪಿಗೆ, ಬಸ್ಸಿನ ಒಪ್ಪಿಗೆ, ಗಂಗಾವಳಿ ಹೊಳೆಯ ಒಪ್ಪಿಗೆ ಮೂರೂ ಬೇಕಿತ್ತು. ಅಷ್ಟು ಪಾಡು ಪಟ್ಟು ಹೋದ ಮೇಲೆ ಸಿನಿಮಾ ಚೆನ್ನಾಗಿಲ್ಲ ಎನ್ನುವುದು ಸಾಧ್ಯವೇ? ಪರದೆಯ ಮೇಲೆ ಏನು ಅಲ್ಲಾಡಿದರೂ ಚೆಂದವೇ. ಮದುವೆಯಾಗಿ ಕಾರವಾರಕ್ಕೆ ಬಂದು, ಟಾಕೀಸು ಹತ್ತಿರವಾದ ಮೇಲೆ ನನಗೆ ಅಭಿಪ್ರಾಯಗಳು ಹುಟ್ಟತೊಡಗಿದವು. ಈಗಿನ ಸಿನಿಮಾಗಳಂತೂ ಅದಕ್ಕೆ ಒಳ್ಳೆಯ ಗೊಬ್ಬರ. ಮೊದಲನೆಯದಾಗಿ, ಅವುಗಳಲ್ಲಿ ಬೆಳಕೇ ಇರುವುದಿಲ್ಲ. ಕದ್ರಾದಲ್ಲಿ ನಮ್ಮವರು ಇಷ್ಟೊಂದು ವಿದ್ಯುತ್ ತಯಾರಿಸುವಾಗ ಇವರು ಒಂದು ಬಲ್ಬು ಹಾಕಬಾರದೇ ಎನಿಸುತ್ತದೆ. ನಾಯಕ ಎಲ್ಲಿಗಾದರೂ ಹೊರಟರೆ ತಲುಪುವುದೇ ಇಲ್ಲ, ನಡೆಯುತ್ತಲೇ ಇರುತ್ತಾನೆ, ಅದೂ ನಿಧಾನವಾಗಿ, ಗಡ್ಡ ಸವರುತ್ತ. ಮೂರು ತಾಸು ಕೂತು ಕತೆ ಈಗ ಮುಗಿಯಿತು ಎನ್ನುವಾಗ ಮುಂದಿನ ಭಾಗಕ್ಕೆ ಕಾಯಿರಿ ಎನ್ನುತ್ತಾರೆ. ನಮ್ಮ ಕರಾವಳಿಯ ಕತೆಯಾದರೆ ಕೇಳುವುದೇ ಬೇಡ. ಕಾರವಾರದ ಮನೆಯಲ್ಲಿ ಕೂತವರು ಮಂಗಳೂರಿನ ಕನ್ನಡ ಮಾತಾಡುತ್ತಾರೆ. ಇದನ್ನೆಲ್ಲ ನಾನು ಬಿಡದೆ ಹೇಳುವುದರಿಂದ ಸ್ಟಾಫ್ ರೂಮಿನಲ್ಲಿ ಒಂದು ಮಾತು ಹುಟ್ಟಿಕೊಂಡಿದೆಯಂತೆ: ಕನ್ನಡದ ಅಕ್ಕೋರು ಬೈದರೆ ಧೈರ್ಯವಾಗಿ ಟಿಕೆಟ್ ತೆಗೆಸಬಹುದು.

ಇಂಥ ನನಗೆ ಎದುರಾದ ಸಂಕಟ ಸೇವಂತಿಯದು. ಸೇವಂತಿ ಹಾರವಾಡದ ಮೀನುಗಾರರ ಮನೆಯವಳು. ಕಾಜುಬಾಗದ ನಮ್ಮ ಮನೆಗೆ ಹತ್ತಾರು ವರ್ಷಗಳಿಂದ ಮೀನು ತರುತ್ತಾಳೆ. ಬುಟ್ಟಿ ಇಳಿಸಿ, ಜಗಲಿಯಲ್ಲಿ ಕೂತು, ನನ್ನ ಕೈಯ ಚಾ ಕುಡಿದು ಹೋಗುವುದು ವಾಡಿಕೆ. ಕಳೆದ ವರ್ಷ ಅವಳ ಊರಿನ ದಂಡೆಯಲ್ಲಿ ಒಂದು ಸಿನಿಮಾದವರು ಬಂದು ಶೂಟಿಂಗ್ ಮಾಡಿದರು. ನಾಯಕ ಮೀನುಪೇಟೆಗೆ ಬರುವ ದೃಶ್ಯಕ್ಕೆ ಅಲ್ಲಿಯ ಹೆಂಗಸರನ್ನೇ ಸಾಲಾಗಿ ಕೂರಿಸಿದರಂತೆ. ನಿರ್ದೇಶಕ ಸೇವಂತಿಯನ್ನು ನೋಡಿ ಇವಳು ಮಾತಾಡಲಿ ಎಂದನಂತೆ. ನಾಯಕ ಬಂದು ಮೀನನ್ನು ಮುಟ್ಟಿ ಮುಟ್ಟಿ ನೋಡುತ್ತಾನೆ. ಆಗ ಸೇವಂತಿ ಹೇಳಬೇಕಾದ ಮಾತು, "ಮೀನು ಬೇಕಾದ್ರೆ ಕೇಳು, ಬ್ಯಾಡಾದ್ರೆ ಗಾಳಿಗೆ ಅಡ್ಡ ನಿಲ್ಬ್ಯಾಡ." ಇಷ್ಟೇ. ಬಿಸಿಲಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಹೇಳಿದಳಂತೆ. ಕೊನೆಗೆ ನಿರ್ದೇಶಕ ಚಪ್ಪಾಳೆ ತಟ್ಟಿದನಂತೆ. ಈ ಕತೆಯನ್ನು ಅವಳು ಮೀನು ಕೊಡುವ ಪ್ರತಿಯೊಂದು ಬಾಗಿಲಲ್ಲೂ ಹೇಳಿದಳು. ಊರಿನಲ್ಲಿ ಅವಳಿಗೆ ಹೀರೋಯಿನ್ ಎಂದೇ ಹೆಸರಾಯಿತು. ಅವಳ ನಾದಿನಿ ಪಾರ್ವತಿ ಒಬ್ಬಳು ಮಾತ್ರ ನಂಬಲಿಲ್ಲ. ಶೂಟಿಂಗಿನ ದಿನ ಪಾರ್ವತಿ ಊರಲ್ಲಿರಲಿಲ್ಲ. ಕ್ಯಾಮೆರಾ ಬೇರೆ ಯಾರ ಕಡೆಗೋ ತಿರುಗಿತ್ತು, ಇವಳು ತನ್ನ ಕಡೆಗೆಂದು ತಿಳಿದಿದ್ದಾಳೆ ಎಂದು ಅವಳು ಮದುವೆ ಮನೆಗಳಲ್ಲಿ ಹೇಳುತ್ತ ಬಂದಳು. ಅದಕ್ಕೆ ಸೇವಂತಿಯದು ಒಂದೇ ಉತ್ತರ, ಸಿನಿಮಾ ಬರಲಿ.

ಸಿನಿಮಾ ಬಂತು. ಶುಕ್ರವಾರ ಸಂಜೆಯ ಆಟಕ್ಕೇ ನಾವಿಬ್ಬರೂ ಹೋದೆವು. ಎಂದಿನಂತೆ ನಾನು ತಪ್ಪು ಹುಡುಕುತ್ತ ಕೂತಿದ್ದರೂ ಅಂದು ಕಣ್ಣೆಲ್ಲ ಸೇವಂತಿಗಾಗಿಯೇ ಕಾದಿತ್ತು. ಇಂಟರ್ವಲ್ ಆಗಿ ಸಿನಿಮಾ ಮತ್ತೆ ಶುರುವಾದದ್ದೇ ಮೀನುಪೇಟೆಯಿಂದ. ನಾಯಕ ಬಂದ. ಸಾಲಾಗಿ ಕೂತ ಹೆಂಗಸರ ಬೆನ್ನು ಕಂಡಿತು. ಅವನು ಬಗ್ಗಿ ಒಂದು ಬಂಗಡೆ ಎತ್ತಿದ. ನಾನು ಕುರ್ಚಿಯ ಅಂಚಿಗೆ ಬಂದೆ. ಮರುಕ್ಷಣ ಅವನು ದೋಣಿಯಲ್ಲಿದ್ದ. ಸೇವಂತಿಯೂ ಇಲ್ಲ, ಗಾಳಿಯೂ ಇಲ್ಲ. ಕಣ್ಣು ಮಿಟುಕಿಸಿದೆನೇನೋ ಎಂದು ಪಕ್ಕದವರನ್ನು ಕೇಳೋಣವೆಂದರೆ ನಮ್ಮ ಮನೆಯವರು ಬಾಯಿ ತೆರೆದು ನಿದ್ದೆಯಲ್ಲಿದ್ದರು. ಮುಂದೆಲ್ಲಾದರೂ ಬಂದಾಳೆಂದು ಕೊನೆಯ ಹೆಸರುಗಳು ಓಡಿ ಮುಗಿಯುವವರೆಗೂ ಕೂತೆ. ಅವಳನ್ನು ಕತ್ತರಿಸಿ ಹಾಕಿದ್ದರು. ಅಂದು ಮೆಟ್ಟಿಲು ಇಳಿಯುವಾಗ ನನ್ನ ಬಾಯಿಂದ ಒಂದೂ ಅಭಿಪ್ರಾಯ ಬರಲಿಲ್ಲ. ಮೈ ಹುಷಾರಿಲ್ಲವೇ ಎಂದು ನಮ್ಮ ಮನೆಯವರು ಗಾಬರಿಯಿಂದ ವಿಚಾರಿಸಿದರು.

ಶನಿವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಸೇವಂತಿ ಜಗಲಿಯಲ್ಲಿ ಕಾಯುತ್ತಿದ್ದಳು. ನೋಡಿದಿರಾ ಎಂದು ಅವಳು ಕೇಳಲೂ ಇಲ್ಲ. ಮರುದಿನ ಮಧ್ಯಾಹ್ನದ ಆಟಕ್ಕೆ ಟೆಂಪೋ ಗೊತ್ತು ಮಾಡಿ ಮನೆಮಂದಿಯೆಲ್ಲ ಬರುತ್ತಿದ್ದಾರೆ, ಪಾರ್ವತಿಯನ್ನೂ ಎಳೆದು ತರುತ್ತೇನೆ, ಸಿನಿಮಾ ಬಲ್ಲವರಾದ ನೀವು ನನ್ನ ಪಕ್ಕದಲ್ಲೇ ಕೂರಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಸತ್ಯ ಹೇಳಲು ಇದೇ ಸಮಯ ಎಂದು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಬಾಯಿಂದ ಬಂದದ್ದು ಬೇರೆಯೇ.

"ಸೇವಂತಿ, ಆ ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲವಂತೆ. ಸುಮ್ಮನೆ ಯಾಕೆ ಹೋಗುತ್ತೀರಿ?"

"ನೀವು ಯಾವ್ ಸಿನಿಮಾ ಚಲೋ ಅದೆ ಅಂದೀರಿ ಅಕ್ಕೋರೆ?" ಎಂದು ಅವಳು ನಕ್ಕು ಬುಟ್ಟಿ ಎತ್ತಿಕೊಂಡಳು.

ಇಷ್ಟು ವರ್ಷ ಕಂಡ ಕಂಡ ಸಿನಿಮಾವನ್ನೆಲ್ಲ ಬೈದದ್ದರ ಫಲ ಇದು. ನಿಜಕ್ಕೂ ಒಬ್ಬರನ್ನು ತಡೆಯಬೇಕಾದ ದಿನ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಒಳಗೆ ಹೋಗಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಈಗಲೇ ಓಡಿಹೋಗಿ ಹೇಳಿಬಿಡು, ನಾಳೆ ಪಾರ್ವತಿಯ ಎದುರು ಗೊತ್ತಾಗುವುದಕ್ಕಿಂತ ಅದು ಮೇಲು ಎಂದರು. ಮಾತು ಸರಿಯಾಗಿತ್ತು. ಗೇಟಿನವರೆಗೆ ಓಡಿದೆ. ಸೇವಂತಿ ಆಗಲೇ ತಿರುವು ದಾಟಿದ್ದಳು. ಕೂಗಿದ್ದರೆ ಕೇಳುತ್ತಿತ್ತು. ನಾನು ಕೂಗಲಿಲ್ಲ.

ಭಾನುವಾರ ಟಾಕೀಸಿನ ಮುಂದೆ ಟೆಂಪೋ ನಿಂತಾಗ ಅದರಿಂದ ಇಳಿದವರಿಗೆ ಲೆಕ್ಕವೇ ಇರಲಿಲ್ಲ. ಹೆಣ್ಣುಮಕ್ಕಳು, ಸೊಸೆ, ಅಳಿಯ, ಓಣಿಯವರು. ಎಲ್ಲ ಹೆಂಗಸರ ತಲೆಯಲ್ಲೂ ಅಬ್ಬೋಲಿಗೆ ಹೂವಿನ ದಂಡೆ. ಸೇವಂತಿ ಮಗಳ ಮದುವೆಗೆಂದು ತೆಗೆದ ಸೀರೆ ಉಟ್ಟಿದ್ದಳು. ಕೊನೆಯಲ್ಲಿ ಇಳಿದ ಪಾರ್ವತಿ ಮಾತ್ರ ದಿನನಿತ್ಯದ ಸೀರೆಯಲ್ಲೇ ಬಂದಿದ್ದಳು, ಪಂಚಾಯ್ತಿಗೆ ಸಾಕ್ಷಿ ಹೇಳಲು ಬಂದವರ ಹಾಗೆ. ಒಳಗೆ ನನ್ನ ಒಂದು ಬದಿಗೆ ಸೇವಂತಿ, ಅವಳ ಆಚೆ ಪಾರ್ವತಿ, ಇನ್ನೊಂದು ಬದಿಗೆ ನಮ್ಮ ಮನೆಯವರು. ಮೊದಲರ್ಧದಲ್ಲಿ ಸಮುದ್ರ ಕಂಡಾಗಲೆಲ್ಲ ಪಾರ್ವತಿ ಮುಂದೆ ಬಗ್ಗಿ, ಈಗಲಾ ಎಂದು ಕೇಳುತ್ತಿದ್ದಳು. ಆ ಸಿನಿಮಾದಲ್ಲಿ ಸಮುದ್ರ ಬಿಟ್ಟು ಬೇರೇನೂ ಇರಲಿಲ್ಲ. ಸೇವಂತಿ ಪ್ರತಿ ಸಲವೂ ಶಾಂತಳಾಗಿ, ಪೇಟೆ ಬರಲಿ ಎನ್ನುತ್ತಿದ್ದಳು. ಅವಳ ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಅಂದು ನನಗೆ ಮೊದಲ ಬಾರಿ ನಾಯಕ ಇನ್ನಷ್ಟು ನಿಧಾನವಾಗಿ ನಡೆಯಲಿ ಎನಿಸಿತು.

ಇಂಟರ್ವಲ್ ಬರುವ ಹೊತ್ತಿಗೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಪೇಟೆಯ ದೃಶ್ಯ ಇಂಟರ್ವಲ್ ಮುಗಿದ ಕೂಡಲೇ ಬರುತ್ತದೆ. ಅಷ್ಟು ಹೊತ್ತು ಇವರೆಲ್ಲ ಹೊರಗಿದ್ದರೆ? ದೀಪ ಹತ್ತಿದ್ದೇ ತಡ ಎದ್ದು, ಎಲ್ಲರಿಗೂ ಚಾ ಬಜ್ಜಿ ನನ್ನ ಲೆಕ್ಕದಲ್ಲಿ, ಒಬ್ಬರೂ ಕೂರಬಾರದು ಎಂದು ಸಾರಿದೆ. ಕ್ಯಾಂಟೀನಿನಲ್ಲಿ ಬಜ್ಜಿ ರಾಶಿ ಬಿದ್ದಿತ್ತು. ಇದು ಆರಿದೆ, ಹೊಸದು ಕರಿದು ಕೊಡಿ ಎಂದೆ. ಕ್ಯಾಂಟೀನಿನವನು ನನ್ನನ್ನು ವಿಚಿತ್ರವಾಗಿ ನೋಡಿ ಒಲೆಯ ಉರಿ ದೊಡ್ಡದು ಮಾಡಿದ. ಎಣ್ಣೆ ಕಾಯುವುದನ್ನು ಅಷ್ಟು ಪ್ರೀತಿಯಿಂದ ನಾನೆಂದೂ ನೋಡಿರಲಿಲ್ಲ. ಗಂಟೆ ಹೊಡೆಯಿತು. ನಮ್ಮ ಮನೆಯವರಿಗೆ ಉಪಾಯ ತಿಳಿಸಲು ಸಮಯವಿರಲಿಲ್ಲ. ಎಂದೂ ಇಲ್ಲದ ಉತ್ಸಾಹದಿಂದ ಅವರು, ಬೆಲ್ ಆಯ್ತು, ನಡೆಯಿರಿ ನಡೆಯಿರಿ ಎಂದು ಎಲ್ಲರನ್ನೂ ಒಳಗೆ ಅಟ್ಟತೊಡಗಿದರು. ಸೇವಂತಿ ಬಜ್ಜಿಯ ಆಸೆ ಬಿಟ್ಟು ಬಾಗಿಲ ಕಡೆ ಹೆಜ್ಜೆ ಹಾಕಿದಳು. ಬೇರೆ ದಾರಿ ಕಾಣದೆ ಕೈಯಲ್ಲಿದ್ದ ಚಾವನ್ನು ನನ್ನ ಸೀರೆಯ ಮೇಲೆ ಸುರಿದುಕೊಂಡೆ. ಅಯ್ಯೋ, ಸುಟ್ಟಿತು ಎಂದೆ. ಅದು ನಟನೆಯಲ್ಲ, ನಿಜವಾಗಿಯೂ ಸುಟ್ಟಿತ್ತು. ಸೇವಂತಿ ಓಡಿಬಂದು ನನ್ನನ್ನು ನಲ್ಲಿಯ ಬಳಿಗೆ ಕರೆದೊಯ್ದು ಸೀರೆ ತೊಳೆಯತೊಡಗಿದಳು. ಅವಳಿಲ್ಲದೆ ಅವಳ ಸೀನು ನೋಡುವುದು ಹೇಗೆಂದು ಉಳಿದವರೆಲ್ಲ ಬಾಗಿಲಲ್ಲೇ ನಿಂತರು. ನಾನು, ಇನ್ನೂ ಉರಿ, ಇನ್ನಷ್ಟು ನೀರು ಹಾಕು ಎನ್ನುತ್ತಲೇ ಇದ್ದೆ.

ಒಳಗೆ ಹೋದಾಗ ನಾಯಕ ದೋಣಿಯಲ್ಲಿದ್ದ. ಮುಂದಿನ ಸಾಲಿನವರೊಬ್ಬರನ್ನು ಅಳಿಯ ಕೇಳಿದ. ಪೇಟೆಯ ಸೀನು ಈಗಷ್ಟೇ ಹೋಯಿತೆಂದು ಅವರು ಹೇಳಿದರು. ಅಳಿಯ ಸುಮ್ಮನಿರಲಿಲ್ಲ, ಹೊರಗೆ ಹೋಗಿ ಬಾಗಿಲು ಕಾಯುವವನನ್ನು ಕರೆತಂದ. ಸಿನಿಮಾವನ್ನು ಸ್ವಲ್ಪ ಹಿಂದಿನಿಂದ ಬಿಡಲು ಬರುವುದಿಲ್ಲವೇ ಎಂದು ಕೇಳಿದ. ಅದೆಲ್ಲ ಕಂಪ್ಯೂಟರಿನಲ್ಲಿ ಬರುವುದು, ಹಿಂದೆ ಮುಂದೆ ಮಾಡಿದರೆ ಬೆಂಗಳೂರಿನಲ್ಲಿ ಗೊತ್ತಾಗುತ್ತದೆ ಎಂದು ಅವನು ಹೇಳಿದ. ನಾನು ಉಸಿರು ಬಿಡುವಷ್ಟರಲ್ಲಿ ಪಾರ್ವತಿ ಎದ್ದು, ಸೇವಂತಿಯ ಮುಖಕ್ಕೆ ಮೊಬೈಲಿನ ಬೆಳಕು ಹಿಡಿದು ಅವನನ್ನೇ ಕೇಳಿದಳು.

"ದಿನಾ ಇಲ್ಲೇ ಇರ್ತಿ ಅಲ್ಲ ನೀನು. ಇವಳು ಸಿನಿಮಾದಲ್ಲಿ ಇದ್ದಾಳೋ ಇಲ್ವೋ ಹೇಳು."

ಅವನು ಸೇವಂತಿಯನ್ನು ದಿಟ್ಟಿಸಿ ನೋಡಿದ. ತಲೆ ಓರೆ ಮಾಡಿ ಮತ್ತೆ ನೋಡಿದ. ನಲ್ಲಿಯ ನೀರಿಗೆ ನೆನೆದಿದ್ದ ನನ್ನ ಸೀರೆ ಬೆವರಿನಿಂದ ಇನ್ನಷ್ಟು ಒದ್ದೆಯಾಯಿತು.

"ಈಗಿನ ಸಿನಿಮಾ ಯಾರ್ ನೋಡ್ತಾರೆ ತಾಯಿ," ಎಂದು ಹೇಳಿ ಅವನು ಹೊರಟುಹೋದ.

ಆ ಕ್ಷಣದಲ್ಲಿ ಅವನಷ್ಟು ದೊಡ್ಡ ವಿಮರ್ಶಕ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎನಿಸಿತು. ಪಾರ್ವತಿ ಕೂತಳು. ಸೇವಂತಿ ಸಿನಿಮಾದಲ್ಲಿಲ್ಲ ಎಂದು ಹೇಳಲು ಇನ್ನು ಅವಳ ಬಳಿ ಆಧಾರವಿರಲಿಲ್ಲ. ಆ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ಆಟ ಮುಗಿದು ಟೆಂಪೋ ಹತ್ತುವಾಗ ಅವಳು ಅಳಿಯನಿಗೆ ಹೇಳುವಂತೆ ನನಗೆ ಕೇಳಿಸಿದಳು. ಕೆಲವರಿಗೆ ಮನೆಯಲ್ಲಿ ಚಾ ಬಜ್ಜಿಯ ಗತಿಯಿಲ್ಲ, ಟಾಕೀಸಿಗೆ ಬಂದೇ ತಿನ್ನಬೇಕು. ಓದಿದವರಂತೆ, ಕಪ್ಪು ಹಿಡಿಯಲಿಕ್ಕೂ ಬರುವುದಿಲ್ಲ. ಯಾರೂ ಅವಳನ್ನು ತಡೆಯಲಿಲ್ಲ. ಸೇವಂತಿಯ ಹೆಣ್ಣುಮಕ್ಕಳು ಮುಖ ತಿರುಗಿಸಿ ಕೂತರು. ಸೇವಂತಿ ಮಾತ್ರ ನನ್ನ ಸೀರೆಯ ಕಲೆಯನ್ನೇ ನೋಡುತ್ತಿದ್ದಳು.

ಆಮೇಲೆ ಅವಳು ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಹಾರವಾಡದವರ ದನಿ ಓಣಿಯಲ್ಲಿ ಕೇಳಿದರೆ ಓಡಿಹೋಗಿ ನೋಡುತ್ತಿದ್ದೆ, ಬೇರೆ ಯಾರೋ ಇರುತ್ತಿದ್ದರು. ಅವರಿಂದ ಮೀನು ಕೊಳ್ಳಲು ಮನಸ್ಸಾಗದೆ ಮನೆಯಲ್ಲಿ ದಿನವೂ ಬೇಳೆಯ ಸಾರು. ನಮ್ಮ ಮನೆಯವರು ತಟ್ಟೆ ನೋಡಿ, ನೀನು ಸತ್ಯ ಹೇಳಿದ್ದರೆ ಇವತ್ತು ನೊಗ್ಲಿ ಮೀನಿನ ಸಾರು ಇರುತ್ತಿತ್ತು ಎಂದರು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ನನಗೇ ತಿಳಿಯಲಿಲ್ಲ. ಅವಳ ಜಂಬದ ಒಂದು ದಿನವನ್ನು ಉಳಿಸಿದೆನೋ, ಹಾಳು ಮಾಡಿದೆನೋ. ಯಾವ ಸಿನಿಮಾದ ಬಗ್ಗೆಯೂ ಇಷ್ಟು ಹೊತ್ತು ಅಭಿಪ್ರಾಯವಿಲ್ಲದೆ ಇದ್ದವಳಲ್ಲ ನಾನು.

ಗುರುವಾರ ಸಂಜೆ ಗೇಟು ಸದ್ದಾಯಿತು. ಸೇವಂತಿ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತಳು. ನಾನು ಚಾ ತಂದಿಟ್ಟೆ. ಅವಳು ಒಂದು ಗುಟುಕು ಕುಡಿದು, ಅಂಗಳ ನೋಡುತ್ತ ಹೇಳಿದಳು.

"ಸೋಮವಾರ ಮೀನು ಮಾರಿ ಆದ್ಮೇಲೆ ಒಬ್ಳೇ ಹೋಗಿದ್ದೆ ಟಾಕೀಸಿಗೆ. ನಾ ಇಲ್ಲ ಅಕ್ಕೋರೆ ಅದ್ರಲ್ಲಿ."

ನಾನು ಪಕ್ಕದಲ್ಲಿ ಕೂತೆ. ಅವಳು ಅಳುತ್ತಿರಲಿಲ್ಲ. ದೊಡ್ಡ ನೋವನ್ನು ಮೂರು ದಿನ ಮನೆಯಲ್ಲೇ ಇಟ್ಟುಕೊಂಡು ತಣ್ಣಗೆ ಮಾಡಿ ತಂದವಳಂತಿದ್ದಳು. ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಪೂರ್ತಿ ನೋಡಿದಳಂತೆ. ಪೇಟೆಯ ಸೀನಿನಲ್ಲಿ ಅವಳ ಬುಟ್ಟಿ ಇದೆಯಂತೆ, ಅವಳು ಇಲ್ಲ. ನನಗೆ ಮೊದಲೇ ಗೊತ್ತಿತ್ತು ಎಂದೆ. ನಿಮಗೆ ಗೊತ್ತಿದೆಯೆಂದು ನನಗೂ ಭಾನುವಾರವೇ ಗೊತ್ತಾಯಿತು, ಅದಕ್ಕೇ ಮತ್ತೆ ಹೋದೆ ಎಂದಳು. ಹೇಗೆ ಎಂದು ಕೇಳಿದೆ.

"ಚಾ ಚೆಲ್ಲೂ ಮುಂಚೆ ಆಚೀಚೆ ನೋಡಿದ್ರಿ. ಆಮೇಲೆ ಕಪ್ಪು ನೋಡಿದ್ರಿ. ಆಮೇಲೆ ಚೆಲ್ಕಂಡ್ರಿ. ಯಾರಾದ್ರೂ ಹಂಗೆ ಚೆಲ್ತಾರೋ?"

ಎಷ್ಟೋ ನಾಯಕಿಯರ ಅಳುವಿನಲ್ಲಿ ತಪ್ಪು ಹುಡುಕಿದವಳು ನಾನು. ಹೇಳದೆ ಮುಚ್ಚಿಟ್ಟದ್ದು ತಪ್ಪಾಯಿತೆಂದು ತೊದಲಿದೆ. ಅವಳು ನನ್ನ ಮಾತನ್ನು ಅಲ್ಲಿಗೇ ಬಿಟ್ಟು, ಬುಟ್ಟಿಯಿಂದ ದಪ್ಪನೆಯ ನೊಗ್ಲಿಗಳನ್ನು ಆರಿಸಿ ಪಾತ್ರೆಗೆ ಹಾಕಿದಳು. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಅಕ್ಕೋರ ಬಜ್ಜಿಯಿಂದಾಗಿ ಸೀನು ತಪ್ಪಿತೆಂದು ಊರೆಲ್ಲ ನಂಬಿದೆ. ಪಾರ್ವತಿಯೇ ಅದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಾಳೆ. ಹಾಗೆ ಹೇಳುವಾಗ ಸೀನು ಇತ್ತೆಂದು ಅವಳೇ ಒಪ್ಪಿದ ಹಾಗಾಯಿತಲ್ಲ. ಆದ್ದರಿಂದ ಬೈಗುಳವನ್ನು ಇನ್ನು ಸ್ವಲ್ಪ ಕಾಲ ನೀವೇ ತಿನ್ನಿ ಎಂದು ಸೇವಂತಿ ಕೇಳಿಕೊಂಡಳು. ಆಗಲಿ ಎಂದೆ. ಆದರೆ ನಾಳೆ ಅದೇ ಸಿನಿಮಾ ಟಿವಿಯಲ್ಲಿ ಬಂದರೆ ಏನು ಗತಿ ಎಂದು ಕೇಳಿದೆ. ಅದನ್ನೂ ಅವಳು ಯೋಚಿಸಿಯೇ ಬಂದಿದ್ದಳು.

"ಟಿವಿಯವ್ರು ಜಾಹೀರಾತಿಗೆ ಜಾಗ ಇಲ್ದೆ ಕತ್ತರಿಸಿ ಹಾಕ್ತಾರೆ ಅಂತ ನೀವು ಹೇಳಿ. ಸಿನಿಮಾ ಬಲ್ಲವ್ರು, ನಂಬ್ತಾರೆ. ಆದ್ರೆ ಹೇಳೂವಾಗ ಕಣ್ಣು ಪಿಳಿಪಿಳಿ ಮಾಡ್ಬ್ಯಾಡಿ, ಸಿಕ್ಕಿ ಬೀಳ್ತ್ರಿ."

ಅವಳು ಹೋದ ಮೇಲೆ ಅಂದಿನಿಂದಲೇ ಅಭ್ಯಾಸ ಶುರು ಮಾಡಿದ್ದೇನೆ. ದಿನಕ್ಕೊಮ್ಮೆ ಕನ್ನಡಿಯ ಮುಂದೆ ನಿಂತು, ಟಿವಿಯವರು ಕತ್ತರಿಸಿ ಹಾಕುತ್ತಾರೆ ಎಂದು ಗಂಭೀರವಾಗಿ, ಕಣ್ಣು ಮಿಟುಕಿಸದೆ ಹೇಳುತ್ತೇನೆ. ಮೊನ್ನೆ ಬಹಳ ಚೆನ್ನಾಗಿ ಬಂತು ಎಂದುಕೊಂಡು ತಿರುಗಿದರೆ, ನಮ್ಮ ಮನೆಯವರು ಮಂಚದ ಮೇಲೆ ಒರಗಿ ನೋಡುತ್ತಿದ್ದರು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಒಂದು ಸಿನಿಮಾದ ಬಗ್ಗೆಯೂ ತುಟಿ ಬಿಚ್ಚದ ಮನುಷ್ಯ, ಅಂದು ಮೊದಲ ಬಾರಿಗೆ ಕೇಳದೆಯೇ ಒಂದು ಅಭಿಪ್ರಾಯ ಹೇಳಿದರು.

"ನಟನೆ ಸ್ವಲ್ಪ ಜಾಸ್ತಿಯಾಯಿತು," ಎಂದರು.