ಮೇನ್ ಸ್ವಿಚ್ಚಿನ ಮೇಲಿನ ಬಿಲ್ಲೆ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಟಾಸೊ ಕುಕಾಕಿಸನ ತಲೆಗೂದಲು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಬ್ಬ ಗಂಡಸಿಗೆ ಅಷ್ಟೊಂದು ಕೂದಲು ಇರುವುದೇ ಅನ್ಯಾಯ ಎಂಬುದು ಬೋಳುತಲೆಗಳೇ ತುಂಬಿದ್ದ ಟಾಲ್ಬರ್ಟ್ ಊರಿನ ಅಭಿಪ್ರಾಯವಾಗಿತ್ತು. ತಾಮ್ರದ ಕುಲುಮೆ ಆರಿ ಇಪ್ಪತ್ತು ವರ್ಷವಾದರೂ ಊರಿಗೆ ಇಂಥ ವಿಷಯಗಳಲ್ಲಿ ಅಭಿಪ್ರಾಯವೇನೂ ಕಮ್ಮಿಯಾಗಿರಲಿಲ್ಲ.

ಜುಲೈ ತಿಂಗಳ ಶನಿವಾರ. ಹಳೆಯ ಕೆಲಸಗಾರರ ವರ್ಷದ ಕೂಟ. ನೆವಾಡಾದ ಮೂಲೆಮೂಲೆಗಳಿಂದ ಮುನ್ನೂರು ಜನ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಸಂಘದ ಭವನದ ಅಡುಗೆಮನೆಯಲ್ಲಿ ನಿಂತು ವಿಧವೆ ದ್ರಾಗಿತ್ಸಾ ಟಾಸೊನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಯ್ಯಾ, ಈ ಪೊದೆ ಹೊತ್ಕೊಂಡು ನನ್ನ ಪಕ್ಕ ಊಟಕ್ಕೆ ಕೂತ್ಕೋತೀಯಾ? ಹೋಗು, ಕಟಿಂಗ್ ಮಾಡಿಸ್ಕೊಂಡು ಬಾ."

ಟಾಸೊನ ಕಿವಿಗೆ ಕಟಿಂಗ್ ಎಂಬುದು ಬೀಳಲೇ ಇಲ್ಲ. 'ನನ್ನ ಪಕ್ಕ' ಎಂಬ ಎರಡು ಮಾತು ಮಾತ್ರ ಬಿದ್ದವು. ಆ ಊರಿನಲ್ಲಿ ಕೂಟದ ದಿನ ವಿಧವೆಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಗಂಡಸು ಕೂತನೆಂದರೆ ನಿಶ್ಚಿತಾರ್ಥ ಮುಗಿದ ಹಾಗೆಯೇ ಲೆಕ್ಕ. ಎರಡು ವರ್ಷದಲ್ಲಿ ಟಾಸೊ ಅವಳನ್ನು ಮೂರು ಸಲ ಕೇಳಿದ್ದ. ಮೊದಲ ಸಲ ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ಅಳುತ್ತಿದ್ದದ್ದು ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. ಎರಡನೆಯ ಸಲ ಕೇಳಿಸಲಿಲ್ಲ ಅಂದಳು. ಮೂರನೆಯ ಸಲ, "ಕೂಟದ ಓವನ್ ಕೆಟ್ಟಿದೆ. ಅದು ಸರಿಹೋದ್ರೆ ನೋಡೋಣ" ಅಂದಳು.

ಓವನ್ ಸರಿಹೋಗಿತ್ತು. ಬೆಳಿಗ್ಗೆ ಆರಕ್ಕೇ ಬಂದು ಸುಟ್ಟ ಕಾಯಿಲ್ ಬಿಚ್ಚಿ ಹೊಸದು ಕೂರಿಸಿದ್ದ. ಕುಲುಮೆಯಲ್ಲಿ ಮೂವತ್ತೊಂದು ವರ್ಷ ವೈರಿನ ಕೆಲಸ ಮಾಡಿದವನಿಗೆ ಅದು ಕೈಬೆರಳಿನ ಕೆಲಸ. ಕನ್ನಡಕ ಮಾತ್ರ ಹಾಕಿರಲಿಲ್ಲ. ಕನ್ನಡಕದಲ್ಲಿ ತಾನು ಗೂಬೆಯ ಹಾಗೆ ಕಾಣುತ್ತೇನೆ ಎಂಬ ಸಂಶಯ ಅವನಿಗೆ ಇತ್ತೀಚೆಗೆ, ಅಂದರೆ ಎರಡು ವರ್ಷದಿಂದ, ಶುರುವಾಗಿತ್ತು.

ಕೆಲಸಕ್ಕೆ ಮುಂಚೆ ಅವನು ಮಾಡಬೇಕಾದ್ದನ್ನು ಮಾಡಿದ್ದ. ಬಾಗಿಲ ಪಕ್ಕದ ಹಲಗೆಯಲ್ಲಿ ಹಳೆಯ ಕೆಲಸಗಾರರೆಲ್ಲರ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು ಕೊಕ್ಕೆಗೆ ನೇತಾಡುತ್ತಿರುತ್ತವೆ. ಅದರಿಂದ ಬಿಲ್ಲೆ ತೆಗೆದುಕೊಂಡು ನೆಲಮಾಳಿಗೆಗೆ ಇಳಿದು, ಮೇನ್ ಸ್ವಿಚ್ಚು ಕೆಳಗೆಳೆದು, ಅದರ ಹಿಡಿಗೆ ಬಿಲ್ಲೆ ಸಿಕ್ಕಿಸಿದ್ದ. ಬಿಲ್ಲೆ ಇದ್ದರೆ ವೈರಿನ ಮೇಲೆ ಮನುಷ್ಯ ಇದ್ದಾನೆ ಎಂದರ್ಥ. ಬಿಲ್ಲೆ ಯಾರದೋ ಅವನೇ ಅದನ್ನು ತೆಗೆಯಬೇಕು. ಐವತ್ತೊಂಬತ್ತನೇ ಇಸವಿಯಲ್ಲಿ ಒಬ್ಬ ಅವಸರದವನು ಇನ್ನೊಬ್ಬನ ಬಿಲ್ಲೆ ತೆಗೆದು ಸ್ವಿಚ್ಚು ಮೇಲೆತ್ತಿದ್ದ. ಮೇಲಿನಿಂದ ಆ ಇನ್ನೊಬ್ಬನ ಹೆಣ ಇಳಿಸಿದವರಲ್ಲಿ ನಾಲ್ವರು ಈಗಲೂ ಊರಿನಲ್ಲಿದ್ದಾರೆ. ಹಾಗಾಗಿ ಟಾಲ್ಬರ್ಟಿನಲ್ಲಿ ದೇವರನ್ನು ನಂಬದವರು ಸಿಗುತ್ತಾರೆ, ಬಿಲ್ಲೆಯನ್ನು ನಂಬದವರು ಸಿಗುವುದಿಲ್ಲ.

ಆದರೆ ಪಕ್ಕದ ಕುರ್ಚಿಯ ಮಾತು ಕೇಳಿದ ಮನುಷ್ಯನಿಗೆ ಸ್ವಿಚ್ಚು ಎಲ್ಲಿ ನೆನಪಿರುತ್ತದೆ? ಟಾಸೊ ನೆಟ್ಟಗೆ ಲಾರಿಯಂಥ ತನ್ನ ಹಳೆಯ ಪಿಕಪ್ ಗಾಡಿ ಹತ್ತಿ ಹನ್ನೆರಡು ಮೈಲಿ ದೂರದ ಜಿಲ್ಲಾ ಕೇಂದ್ರಕ್ಕೆ ಹೊರಟುಹೋದ. ದ್ರಾಗಿತ್ಸಾ ಹಿಟ್ಟು ನಾದಲು ಮನೆಗೆ ಹೋದಳು. ಭವನದಲ್ಲಿ ಬಿಲ್ಲೆಯೊಂದೇ ಉಳಿಯಿತು.

ಕ್ಷೌರದಂಗಡಿಯಲ್ಲಿ ಟಾಸೊನಿಗಿಂತ ಮುಂಚೆ ಒಂಬತ್ತು ತಲೆಗಳಿದ್ದವು, ಎಲ್ಲವೂ ಕೂಟಕ್ಕೆ ಹೊರಟವು. ಒಂದೊಂದರಲ್ಲೂ ಕತ್ತರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಆದರೂ ಕ್ಷೌರಿಕ ಲಿರಾಯ್ ಕೂದಲಿಗಲ್ಲ, ಮಾತಿಗೆ ಸಮಯ ತೆಗೆದುಕೊಳ್ಳುವವನು. ಟಾಸೊನ ಸರದಿ ಬರುವಾಗ ಹನ್ನೆರಡೂವರೆ. ಎಡಭಾಗ ಮುಗಿಯಿತು, ಬಲಕ್ಕೆ ಕತ್ತರಿ ಹೊರಳಬೇಕು, ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು.

"ನಿಂಗೇ ಕಣೋ," ಎಂದು ಲಿರಾಯ್ ಫೋನನ್ನು ಟಾಸೊನ ಎಡಗಿವಿಗೆ ಹಿಡಿದ.

ಆ ಕಡೆ ಹೀಬರ್ ಮೇಸ್ತ್ರಿ. ಕುಲುಮೆ ಮುಚ್ಚಿದಾಗ ಎಲ್ಲರ ಕೆಲಸವೂ ಹೋಯಿತು, ಹೀಬರನ ಮೇಸ್ತ್ರಿಗಿರಿ ಮಾತ್ರ ಹೋಗಲಿಲ್ಲ. ಮದುವೆ, ಮಸಣ, ಕೂಟ, ಎಲ್ಲಕ್ಕೂ ಅವನೇ ಮೇಸ್ತ್ರಿ.

"ಟಾಸೊ, ಬದುಕಿದೀಯಾ?"

"ಬದುಕಿದೀನಿ ಮೇಸ್ತ್ರಿ. ಕಟಿಂಗ್ ಮಾಡಿಸ್ತಾ ಇದೀನಿ."

"ಕಟಿಂಗ್! ನೀನು ವೈರಿಗೆ ಅಂಟ್ಕೊಂಡು ಸತ್ತಿದೀಯ ಅಂತ ನಾವಿಲ್ಲಿ ಸೂರಿನ ಮೇಲೆಲ್ಲ ಹತ್ತಿ ಹುಡುಕ್ತಾ ಇದ್ವಿ. ಪಾದ್ರಿಗಳು ನಿನ್ನ ಹೆಸರಲ್ಲಿ ಪ್ರಾರ್ಥನೆ ಅರ್ಧ ಮುಗಿಸಿಯೂ ಆಯ್ತು. ನೀನು ಅಲ್ಲಿದೀಯ ಅಂತ ದ್ರಾಗಿತ್ಸಾ ಈಗ ಬಂದು ಹೇಳಿದ್ಮೇಲೆ ಗೊತ್ತಾಗಿದ್ದು. ಕೆಳಗೆ ಬಿಲ್ಲೆ ನೇತಾಡ್ತಾ ಇದೆಯಲ್ಲಯ್ಯಾ!"

ಟಾಸೊ ಕುರ್ಚಿಯಲ್ಲಿ ನೆಟ್ಟಗಾದ. "ಅಯ್ಯೋ, ಮರೆತೇಬಿಟ್ಟೆ! ಕೆಲಸ ಮುಗಿದಿದೆ ಮೇಸ್ತ್ರಿ. ತೆಗೆದುಬಿಡಿ."

"ಏನಂದೆ?"

"ಅಲ್ಲ, ನೀವೇ ಸ್ವಲ್ಪ..."

"ನಾನು ನಲವತ್ತು ವರ್ಷ ಮೇಸ್ತ್ರಿ ಆಗಿದ್ದೆ. ಯಾರ ಬಾಯಲ್ಲೂ ಈ ಮಾತು ಕೇಳಿರ್ಲಿಲ್ಲ," ಎಂದು ಹೀಬರ್ ಫೋನ್ ಇಟ್ಟುಬಿಟ್ಟ.

"ಬಲಗಡೆ?" ಎಂದ ಲಿರಾಯ್. ಟಾಸೊ ಆಗಲೇ ರಸ್ತೆಯಲ್ಲಿದ್ದ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ.

ಐದನೇ ಮೈಲಿಯಲ್ಲಿ ಕುರಿ ಸಿಕ್ಕಿತು. ಒಂದಲ್ಲ, ಸಾವಿರದಿನ್ನೂರು. ಬಾಸ್ಕ್ ಜನದ ಗ್ರಾಸಿಯಾನ್ ತನ್ನ ಮಂದೆಯನ್ನು ರಸ್ತೆ ದಾಟಿಸುತ್ತಿದ್ದ. ಕುರಿಗಳಿಗೆ ಕೂಟದ ಅವಸರವೇನೂ ಇರಲಿಲ್ಲ.

"ಊರ ಕರೆಂಟ್ ಹೊತ್ಕೊಂಡು ಹೋಗಿದ್ದು ನೀನೇನಾ?" ಎಂದು ಗ್ರಾಸಿಯಾನ್ ಕಿಟಕಿಗೆ ಬಗ್ಗಿದ. ಕಣ್ಣು ಹಾಯುವಷ್ಟು ದೂರ ಸೇಜ್ ಪೊದೆ ಬಿಟ್ಟು ಏನೂ ಇಲ್ಲದ ಬಯಲಿನಲ್ಲಿ ಅವನಿಗೆ ಸುದ್ದಿ ಹೇಗೆ ಮುಟ್ಟಿತೋ. "ತಲೆಗೇನಾಯ್ತು? ನನ್ನ ಕುರಿ ಉಣ್ಣೆ ತೆಗೆಯೋನೂ ಹೀಗೆ ಅರ್ಧಕ್ಕೆ ಬಿಡಲ್ಲ."

"ಮಾರಾಯ, ದಾರಿ ಬಿಡಿಸು. ನನ್ನ ಬಾಳಿನ ಪ್ರಶ್ನೆ."

"ಕುರಿಗಳಿಗೆ ಹೇಳು."

ಕೊನೆಯ ನೂರು ಕುರಿ ದಾಟುವುದರಲ್ಲಿದ್ದಾಗ ಹಿಂದಿನಿಂದ ಪೊಲೀಸ್ ಜೀಪು ಬಂತು. ಟಾಸೊನನ್ನು ಬೇಗ ಕರೆತರಬೇಕೆಂದು ಹೀಬರನೇ ಹೇಳಿಕಳಿಸಿದ್ದ. ಪೊಲೀಸಿನವಳು, ಅದೇ ವರ್ಷ ಕೆಲಸಕ್ಕೆ ಸೇರಿದ ಯೂನಿಸ್ ಎಂಬವಳು, ಉತ್ಸಾಹದಿಂದ ಸೈರನ್ ಹಾಕಿದಳು. ದಾಟಿದ್ದ ಸಾವಿರದ ನೂರು ಕುರಿಗಳೂ ಬೆಚ್ಚಿ ಮತ್ತೆ ರಸ್ತೆಗೆ ನುಗ್ಗಿದವು. ಗ್ರಾಸಿಯಾನ್ ತನ್ನ ಭಾಷೆಯಲ್ಲಿ ಹೇಳಿದ್ದು ಇಬ್ಬರಿಗೂ ತಿಳಿಯದಿದ್ದದ್ದು ಒಳ್ಳೆಯದೇ ಆಯಿತು.

ಭವನ ಮುಟ್ಟುವಾಗ ಎರಡೂವರೆ. ಅಂಗಳದಲ್ಲಿ ಮುನ್ನೂರು ಜನ ಬಿಸಿಲಲ್ಲಿ ನಿಂತಿದ್ದರು. ನೀರಿನ ಪಂಪೂ ಅದೇ ಸ್ವಿಚ್ಚಿನದು. ಹಾಗಾಗಿ ನೀರಿಲ್ಲ, ಐಸ್‌ಕ್ರೀಮು ಪಾಯಸವಾಗಿದೆ, ಹತ್ತು ಕುರಿಮರಿಯ ಮಾಂಸ ಹಸಿಯಾಗಿಯೇ ಕೂತಿದೆ. ಎಲ್ಲಕ್ಕಿಂತ ಮಿಗಿಲಾಗಿ ಬೆಳಗಿನಿಂದ ಯಾರಿಗೂ ಕಾಫಿ ಇಲ್ಲ. ಮೈಕಿಲ್ಲದೆ ಸಂಘದ ಕಾರ್ಯದರ್ಶಿಯ ಭಾಷಣ ನಿಂತುಹೋಗಿದ್ದಕ್ಕೆ ಮಾತ್ರ ಕೆಲವರು ಒಳಗೊಳಗೇ ಟಾಸೊನನ್ನು ಹರಸಿದ್ದರು.

"ಬಂದ ನೋಡಿ ಮದುಮಗ!"

"ಅರ್ಧ ತಲೆ ಕಣ್ರೋ! ಬುದ್ಧಿ ಯಾವ ಕಡೆ ಇತ್ತು, ಕತ್ತರಿಸಿದ ಕಡೆಯಾ?"

"ನಗಬೇಡಿ, ಪಾಪ. ಕಾಫಿ ಬಂದಮೇಲೆ ನಗೋಣ."

ಟಾಸೊ ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದು ಒಂದೇ ಮುಖವನ್ನು. ದ್ರಾಗಿತ್ಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅಕ್ರೋಟು ತುಂಬಿದ ನಲವತ್ತು ಪೊವಿತಿತ್ಸಾ ರೊಟ್ಟಿಗಳು ಸುಡಲು ಓವನ್ನಿಲ್ಲದೆ ತಟ್ಟೆಯ ಅಂಚು ದಾಟಿ ಉಬ್ಬಿದ್ದವು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಒಂದು ನಿಮಿಷ ದ್ರಾಗಿತ್ಸಾ, ಒಂದೇ ನಿಮಿಷ," ಎಂದು ಅವನು ನೆಲಮಾಳಿಗೆಗೆ ಓಡಿದ.

ಮೆಟ್ಟಿಲ ಬಾಯಿಗೆ ಹೀಬರ್ ಹಗ್ಗ ಕಟ್ಟಿಸಿದ್ದ. ಬಿಲ್ಲೆ ಹೊಳೆಯುವುದನ್ನು ಮೆಟ್ಟಿಲ ಮೇಲಿಂದಲೇ ಕಂಡ ಮೇಲೆ ಯಾರೂ ಕೆಳಗಿಳಿದಿರಲಿಲ್ಲ. ಬಿಲ್ಲೆ ಇರುವ ಸ್ವಿಚ್ಚಿನ ಹತ್ತಿರ ಸುಮ್ಮನೆ ಸುಳಿಯುವುದೂ ಅಲ್ಲಿ ಅಸಭ್ಯತನ. ಹೀಬರ್ ಹಗ್ಗ ಬಿಚ್ಚಿ, ಟಾರ್ಚು ಹಿಡಿದು ಮುಂದೆ ಇಳಿದ. ಹಿಂದೆ ಟಾಸೊ, ಯೂನಿಸ್, ಮೆಟ್ಟಿಲು ಹಿಡಿಸಿದಷ್ಟು ಊರು. ಟಾಸೊ ಕೈ ಚಾಚಿದ.

"ತಡಿ. ನಂಬರು ಹೇಳು," ಎಂದ ಹೀಬರ್.

"ಐವತ್ತು ವರ್ಷದಿಂದ ನಿಮಗೆ ಗೊತ್ತಲ್ಲ ಮೇಸ್ತ್ರಿ."

"ನಿಯಮ ನಿಯಮ. ಹೇಳು."

"ನಾನೂರ ಹನ್ನೆರಡು."

ಟಾರ್ಚಿನ ಬೆಳಕು ಬಿಲ್ಲೆಯ ಮೇಲೆ ನಿಂತೇ ಇತ್ತು.

"ಇದು ಇನ್ನೂರ ಆರು," ಎಂದ ಹೀಬರ್.

"ಇನ್ನೂರ ಆರು ಯಾರು?" ಎಂದಳು ಯೂನಿಸ್.

ಹೀಬರ್ ಟೋಪಿ ತೆಗೆದ. "ಮಾರ್ಕೊ. ಕ್ರೇನ್ ನಡೆಸ್ತಿದ್ದ ಮಾರ್ಕೊ."

"ಸರಿ, ಅವರನ್ನ ಕರೆಸಿ. ನಾನೇ ಜೀಪಲ್ಲಿ ಹೋಗಿ ಕರ್ಕೊಂಡ್ಬರ್ಲಾ?"

"ಕಷ್ಟ ಕಣಮ್ಮ. ಅವನನ್ನ ಮಣ್ಣು ಮಾಡಿ ಹನ್ನೊಂದು ವರ್ಷ ಆಯ್ತು. ದ್ರಾಗಿತ್ಸಾಳ ಗಂಡ."

ಟಾಸೊ ಬಿಲ್ಲೆಯ ಹತ್ತಿರಕ್ಕೆ ಮುಖ ತಂದ. "ಮೇಲಿನ ಸಾಲಿನ ಮೂರನೇ ಕೊಕ್ಕೆ ನಂದಲ್ವಾ ಮೇಸ್ತ್ರಿ?"

"ಆಗಿತ್ತು. ಈ ವರ್ಷ ಇರೋರಿಗಿಂತ ಹೋದೋರು ಜಾಸ್ತಿ ಆದ್ರು. ಅವರಿಗೆ ಮೇಲಿನ ಸಾಲು ಕೊಟ್ಟು ನಿಮ್ಮನ್ನೆಲ್ಲ ಕೆಳಗಿಳಿಸಿದೀನಿ. ಇಷ್ಟು ದೊಡ್ಡ ಅಕ್ಷರದಲ್ಲಿ ನೋಟೀಸು ಅಂಟಿಸಿದ್ದೆ. ಓದ್ಲಿಲ್ವಾ?"

ಓದದಿರುವುದಕ್ಕೆ ಕಾರಣ ಹೇಳುವ ಹಾಗಿರಲಿಲ್ಲ. ಕಾರಣ ಮೆಟ್ಟಿಲ ಮೇಲೆ ನಿಂತಿತ್ತು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡು.

"ಹಾಕಿದ್ದು ನಾನೇ ತಾನೇ? ನಾನೇ ತೆಗೀತೀನಿ," ಎಂದ ಟಾಸೊ.

"ಬಿಲ್ಲೆ ಯಾರದೋ ಅವನು ತೆಗೀಬೇಕು. ಅವನು ಬರೋಕಾಗದಿದ್ರೆ ಅದಕ್ಕೂ ಕ್ರಮ ಇದೆ. ಒಂದು, ಅವನು ಒಳಗಿಲ್ಲ ಅಂತ ಮೇಸ್ತ್ರಿ ಖಾತ್ರಿ ಮಾಡ್ಕೋಬೇಕು." ಹೀಬರ್ ಕತ್ತಲ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ಮಾರ್ಕೊ!"

ಹೀಬರ್ ಮೂರು ಸಲ ಕರೆದ. ಮೂರನೆಯ ಸಲ ಅವನ ದನಿ ಒಂಚೂರು ಕೆಟ್ಟಿತು. ಮಾರ್ಕೊ ಇಪ್ಪತ್ತು ವರ್ಷ ಅವನ ಕೈಕೆಳಗೇ ಇದ್ದವನು.

"ಇಲ್ಲ. ಒಂದನೇದಾಯ್ತು. ಎರಡು, ಮನೆಯವರು ಬಂದು ತೆಗೀಬೇಕು."

ಜನ ದಾರಿ ಬಿಟ್ಟರು. ದ್ರಾಗಿತ್ಸಾ ನಿಧಾನವಾಗಿ ಇಳಿದು ಬಂದು, ಏಪ್ರನ್ನಿಗೆ ಕೈ ಒರೆಸಿ, ಬಿಲ್ಲೆ ಬಿಡಿಸಿಕೊಂಡಳು. ಹೀಬರ್ ಸ್ವಿಚ್ಚು ಮೇಲೆತ್ತಿದ. ದೀಪ ಬಂತು, ಪಂಪು ಗುಡುಗಿತು, ಮೇಲೆ ಯಾರೋ ಕಾಫಿ ಕಾಫಿ ಎಂದು ಕೂಗಿದರು. ಅವಳು ಮಾತ್ರ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಬದುಕಿದ್ದಾಗ ಪಾಪ, ಇವನ ಮಾತು ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ," ಎಂದಳು. "ಇವತ್ತು ನೋಡಿ, ಅರ್ಧ ದಿನ ಮುನ್ನೂರು ಜನಾನ ಕಾಫಿ ಇಲ್ದೆ ನಿಲ್ಲಿಸಿಬಿಟ್ಟ!"

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವಳು ನಕ್ಕದ್ದು ಕಂಡು ಟಾಸೊನಿಗೆ ಹೋದ ಜೀವ ಬಂತು, ಅವನೂ ಗಟ್ಟಿಯಾಗಿ ನಕ್ಕ. ಅಷ್ಟು ಗಟ್ಟಿಯಾಗಿ ನಗಬಾರದಿತ್ತು.

ಊಟ ಐದು ಗಂಟೆಗೆ ಆಯಿತು. ಟಾಸೊ ಮುಖ ತೊಳೆದು, ಟೈ ಕಟ್ಟಿ, ಬಲಗಡೆಯ ಕೂದಲನ್ನು ನೀರು ಹಚ್ಚಿ ಎಡಕ್ಕೆ ಬಾಚಿಕೊಂಡ. ಸಂಜೆಯ ಬಿಸಿಲು ಕುಲುಮೆಯ ಹಳೆಯ ಕಿಟ್ಟದ ಗುಡ್ಡದ ಮೇಲಿನಿಂದ ಕಿಟಕಿಯೊಳಕ್ಕೆ ಬೀಳುತ್ತಿತ್ತು. ನಡುವಿನ ಮೇಜಿನಲ್ಲಿ ದ್ರಾಗಿತ್ಸಾ ನೀಲಿ ಅಂಗಿ ತೊಟ್ಟು ಕೂತಿದ್ದಳು. ಭವನದಲ್ಲಿ ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತು ತಿನ್ನುತ್ತಿದ್ದರು, ಆದರೂ ಅವಳ ಪಕ್ಕದ ಕುರ್ಚಿ ಖಾಲಿ ಇತ್ತು. ಊರಿಗೆ ಕೊನೆಗೂ ಮರ್ಯಾದೆ ಬಂತು ಎಂದುಕೊಂಡ ಟಾಸೊ. ಮೇಜುಗಳ ನಡುವೆ ಹಾದು ಹೋಗಿ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

ಕೈಗೆ ಏನೋ ತಣ್ಣಗೆ ತಾಗಿತು. ಕನ್ನಡಕವಿಲ್ಲದಿದ್ದರೂ ಈ ಸಲ ನಂಬರು ಸರಿಯಾಗಿ ಕಂಡಿತು. ಇನ್ನೂರ ಆರು.

"ದ್ರಾಗಿತ್ಸಾ, ಇದು..."

"ಹ್ಞೂಂ. ಒಂದು ದಿನವಾದ್ರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವನಲ್ಲ," ಎಂದಳು ಅವಳು, ರೊಟ್ಟಿ ಮುರಿಯುತ್ತಾ. "ಇವತ್ತು ಬಂದಿದಾನೆ. ಕೂತ್ಕೊಳ್ಳಲಿ ಬಿಡು."

"ಹಾಗಾದ್ರೆ ನನ್ನ ವಿಷಯ?"

"ಅವನು ಎದ್ದಮೇಲೆ ಮಾತಾಡೋಣ."

ಟಾಸೊ ದಿಕ್ಕುಗೆಟ್ಟು ಎದುರಿಗೆ ಕೂತ ಹೀಬರನ ಕಡೆ ತಿರುಗಿದ. "ಮೇಸ್ತ್ರಿ, ನೀವಾದ್ರೂ ಒಂದು ಮಾತು ಹೇಳಿ!"

ಹೀಬರ್ ಕಾಫಿ ಲೋಟ ಕೆಳಗಿಟ್ಟು, ಬಿಲ್ಲೆ ನೋಡಿ, ಟಾಸೊನ ಕೈ ನೋಡಿದ.

"ಕೈ ತೆಗಿ," ಎಂದ.

ಮೂವತ್ತೊಂದು ವರ್ಷದ ಅಭ್ಯಾಸ. ಟಾಸೊ ಇನ್ನೂ ಯೋಚಿಸುತ್ತಿರುವಾಗಲೇ ಕೈ ತಾನಾಗಿ ಹಿಂದಕ್ಕೆ ಬಂದಿತ್ತು.